ಒಂದೊಂದು ಭಾಗಕ್ಕೂ ಒಂದೊಂದು ಗುಟ್ಟು

1960ರ ದಶಕದ ನಡುಭಾಗ. ನ್ಯೂಯಾರ್ಕಿನ ಟೈಮ್-ಲೈಫ್ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಐಬಿಎಂ ಪ್ರೋಗ್ರಾಮರುಗಳಿಗೆ ದಿನವೂ ಕೋಡ್ ಬರೆಯುವುದರ ಜೊತೆಗೆ ಇನ್ನೊಂದು ಕೆಲಸ ಕಾದಿರುತ್ತಿತ್ತು: ಹಾಳೆ ಜೋಡಿಸುವುದು. ಅವರು ಕಟ್ಟುತ್ತಿದ್ದ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂನ ಪೂರ್ತಿ ವಿವರ ಒಂದು ದೊಡ್ಡ ಕಡತದಲ್ಲಿತ್ತು. ದಿನಕ್ಕೆ ಸರಾಸರಿ 150 ಪುಟ ಬದಲಾಗುತ್ತಿದ್ದವು, ಅಂದರೆ 2 ಇಂಚು ದಪ್ಪದ ಕಟ್ಟು. ಹಳೆಯ ಪುಟ ಕಿತ್ತು ಹೊಸದನ್ನು ಅದರ ಜಾಗಕ್ಕೆ ಸೇರಿಸಬೇಕು. ಆರು ತಿಂಗಳಲ್ಲಿ ಆ ಕಡತ 5 ಅಡಿ ದಪ್ಪವಾಯಿತು. ಆ ಕಚೇರಿಗಳಲ್ಲಿ ಅಂಥ 100 ಪ್ರತಿಗಳಿದ್ದವು. ಕೊನೆಗೆ ಕಾಗದದ ಸಹವಾಸ ಸಾಕಾಗಿ, ಪುಟಗಳನ್ನು ಕಿರಿದಾಗಿಸಿ ಹಿಡಿಸುವ ಮೈಕ್ರೋಫಿಷ್ ಫಿಲ್ಮ್ ಹಾಳೆಗಳಿಗೆ ಹೋದರು.

ಈ ಏರ್ಪಾಡಿನ ಹಿಂದೆ ಒಂದು ನಂಬಿಕೆ ಇತ್ತು. ಎಲ್ಲರಿಗೂ ಎಲ್ಲವೂ ಗೊತ್ತಿರಬೇಕು, ಪಕ್ಕದವನ ಕೋಡಿನ ಒಳಗೆ ಏನಿದೆ ಎಂದು ತಿಳಿದವನು ತನ್ನ ಕೋಡನ್ನು ಅದಕ್ಕೆ ಹೊಂದುವಂತೆ ಬರೆಯುತ್ತಾನೆ ಎಂಬುದು. ಕೇಳಿದರೆ ಯಾರಾದರೂ ತಲೆದೂಗುವಂಥ ಮಾತೇ. ಕೆಲಸ ಜೋರಾಗಿದ್ದಾಗ 1,000ಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. 1963ರಿಂದ 1966ರವರೆಗೆ ಸುಮಾರು 5,000 ಮಾನವ-ವರ್ಷಗಳ ದುಡಿಮೆ ಅದಕ್ಕೆ ಸಂದಿತು. ಅದನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ ಆಮೇಲೆ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. 5 ಅಡಿಯ ಕಡತದ ಲೆಕ್ಕವನ್ನು ಲೋಕಕ್ಕೆ ತಿಳಿಸಿದವರೂ ಅವರೇ, 1975ರಲ್ಲಿ ಬಂದ ತಮ್ಮ 'ದ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ.

1968ರ ಅಕ್ಟೋಬರ್ 7ರಿಂದ 11ರವರೆಗೆ ಜರ್ಮನಿಯ ಗಾರ್ಮಿಶ್ ಎಂಬ ಬೆಟ್ಟದೂರಿನಲ್ಲಿ ನೇಟೋ ಆಶ್ರಯದಲ್ಲಿ ಸುಮಾರು 50 ಜನ ಸೇರಿದರು. ಆ ಸಭೆಗೆ ಇಟ್ಟ ಹೆಸರು 'ಸಾಫ್ಟ್‌ವೇರ್ ಎಂಜಿನಿಯರಿಂಗ್'. ಬೇಕೆಂದೇ ಕೆಣಕುವ ಹೆಸರು ಅದು. ಸೇತುವೆ ಕಟ್ಟುವವರಿಗೆ ಒಂದು ಶಾಸ್ತ್ರವಿದೆ, ಸಾಫ್ಟ್‌ವೇರ್ ಕಟ್ಟುವ ನಮಗೆ ಯಾಕಿಲ್ಲ ಎಂಬ ಪ್ರಶ್ನೆ ಅದರಲ್ಲಿ ಅಡಗಿತ್ತು. ದೊಡ್ಡ ಕೆಲಸಗಳು ತಡವಾಗುತ್ತಿವೆ, ಅಂದಾಜು ಮೀರುತ್ತಿವೆ, ಕೈಗೆ ಬಂದ ಮೇಲೂ ತಪ್ಪುಗಳಿಂದ ತುಂಬಿವೆ ಎಂದು ಕಂಪನಿಯವರೂ ಪ್ರಾಧ್ಯಾಪಕರೂ ಒಂದೇ ಮೇಜಿನ ಸುತ್ತ ಕೂತು ಒಪ್ಪಿಕೊಂಡರು. ಆ ಸಭೆಯಿಂದ ಹೆಸರು ಸಿಕ್ಕಿತು, ಶಾಸ್ತ್ರ ಸಿಗಲಿಲ್ಲ. ಆ ಶಾಸ್ತ್ರದ ಒಂದು ದೊಡ್ಡ ತುಂಡು, ನನ್ನ ಮಟ್ಟಿಗೆ ಅತಿ ಮುಖ್ಯವಾದ ತುಂಡು, ಸಿಕ್ಕಿದ್ದು ಇನ್ನೆರಡು ಮೂರು ವರ್ಷಗಳಲ್ಲಿ, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ಒಬ್ಬ ಯುವ ಅಧ್ಯಾಪಕರಿಗೆ.

ಡೇವಿಡ್ ಪಾರ್ನಾಸ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಗಾರ್ಮಿಶ್ ಸಭೆಯಲ್ಲಿ ಮುಖ್ಯ ಭಾಷಣ ಮಾಡಿದ ಅಲನ್ ಪರ್ಲಿಸ್ ಅವರಿಗೆ ಗುರು. 1969ರ ಹೊತ್ತಿಗೆ ಪಾರ್ನಾಸ್ ಕೆಲಕಾಲ ಹಾಲೆಂಡಿನಲ್ಲಿ ಫಿಲಿಪ್ಸ್‌ನವರ ಕಂಪ್ಯೂಟರ್ ಘಟಕದಲ್ಲಿದ್ದರು. ಪುಸ್ತಕದಲ್ಲಿ ಸಿಗದ ಒಂದು ವಿಷಯವನ್ನು ಅಲ್ಲಿ ಕಣ್ಣಾರೆ ಕಂಡರು. ಇಬ್ಬರು ಪ್ರೋಗ್ರಾಮರುಗಳ ಕೋಡ್ ಒಂದಕ್ಕೊಂದು ಸೇರಬೇಕಾದಾಗ ಅವರು ಏನು ಮಾಡುತ್ತಾರೆ? ಮಾತಾಡಿಕೊಳ್ಳುತ್ತಾರೆ. ನಿನ್ನ ಪಟ್ಟಿಯಲ್ಲಿ ಮೂರನೆಯ ಜಾಗದಲ್ಲಿ ಏನಿದೆ, ಕೊನೆ ಎಲ್ಲಿದೆ ಎಂದು ಕೇಳಿ ತಿಳಿದು ಅದನ್ನೇ ನಂಬಿ ಬರೆದುಬಿಡುತ್ತಾರೆ. ಮೊದಲನೆಯವನು ನಾಳೆ ಆ ಮೂರನೆಯ ಜಾಗವನ್ನು ಬದಲಿಸಿದರೆ ಎರಡನೆಯವನ ಕೋಡ್ ಕೆಡುತ್ತದೆ. ಇಬ್ಬರೂ ಜಾಣರು, ಇಬ್ಬರೂ ಶ್ರದ್ಧೆಯವರು. ಅವರ ನಡುವೆ ಹರಿದಾಡಿದ ಮಾಹಿತಿಯೇ ಅವರ ಎರಡು ಕೋಡುಗಳನ್ನು ಬೆಸೆದುಬಿಟ್ಟಿತ್ತು.

ಮಾಹಿತಿ ಸಾಲದೆ ಕೆಲಸ ಕೆಡುತ್ತದೆ ಎಂದು ಲೋಕವೆಲ್ಲ ಹೇಳುತ್ತಿದ್ದಾಗ, ಮಾಹಿತಿ ಹೆಚ್ಚಾಗಿಯೂ ಕೆಡಬಹುದು ಎಂದು ಹೊಳೆದದ್ದು ಇಲ್ಲಿ.

ಪಿಟ್ಸ್‌ಬರ್ಗಿಗೆ ಮರಳಿದ ಪಾರ್ನಾಸ್ ಮುಂದೆ ಅಧ್ಯಾಪಕನ ಕಷ್ಟವೊಂದಿತ್ತು. ದೊಡ್ಡ ಸಿಸ್ಟಂ ಕಟ್ಟುವುದನ್ನು ತರಗತಿಯಲ್ಲಿ ಕಲಿಸುವುದು ಹೇಗೆ? ಸೆಮಿಸ್ಟರ್ ಎಂದರೆ ಕೆಲವೇ ತಿಂಗಳು. ಅಷ್ಟರಲ್ಲಿ ವಿದ್ಯಾರ್ಥಿ ಬರೆದು ಮುಗಿಸಬಹುದಾದದ್ದು ಸಣ್ಣ ಪ್ರೋಗ್ರಾಂ. ಸಣ್ಣ ಪ್ರೋಗ್ರಾಮನ್ನು ಹೇಗೆ ಬರೆದರೂ ನಡೆಯುತ್ತದೆ, ಎಲ್ಲವೂ ಒಬ್ಬನ ತಲೆಯಲ್ಲೇ ಹಿಡಿಸುತ್ತದೆ. ದೊಡ್ಡದರ ಕಷ್ಟವನ್ನು ಸಣ್ಣದರಲ್ಲಿ ಕಾಣಿಸಬೇಕಾದರೆ ಕೆಲಸವನ್ನು ಹಲವರಿಗೆ ಹಂಚಬೇಕು, ಒಬ್ಬರ ಭಾಗದ ಒಳಗನ್ನು ಇನ್ನೊಬ್ಬರು ನೋಡದಂತೆ ಮಾಡಬೇಕು. ಆಗ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ: ಎಲ್ಲಿ ಕತ್ತರಿಸಬೇಕು?

ಅವರು ಆರಿಸಿಕೊಂಡ ಅಭ್ಯಾಸ 'ಕ್ವಿಕ್' ಸೂಚಿ. ಐಬಿಎಂನ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ಈ ಸೂಚಿ ಗ್ರಂಥಾಲಯದವರಿಗೆ ಚೆನ್ನಾಗಿ ಗೊತ್ತು. ಲೇಖನವೊಂದರ ತಲೆಬರಹವನ್ನು ಅದರ ಯಾವ ಪದದಿಂದ ಹುಡುಕಿದರೂ ಸಿಗುವಂತೆ ಮಾಡುವುದು ಅದರ ಕೆಲಸ. 'ಮಳೆಗಾಲದ ಅಡಿಕೆ ರೋಗಗಳು' ಎಂಬ ಸಾಲು ಇದೆ ಎನ್ನಿ. ಮೊದಲ ಪದವನ್ನು ಕೊನೆಗೆ ಸರಿಸಿದರೆ 'ಅಡಿಕೆ ರೋಗಗಳು ಮಳೆಗಾಲದ'. ಇನ್ನೊಮ್ಮೆ ಸರಿಸಿದರೆ 'ರೋಗಗಳು ಮಳೆಗಾಲದ ಅಡಿಕೆ'. ಎಲ್ಲ ಸಾಲುಗಳನ್ನೂ ಹೀಗೆ ಸುತ್ತಿಸಿ, ಬಂದದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸಿದರೆ ಅಡಿಕೆ ಎಂದು ಹುಡುಕುವವನಿಗೂ ರೋಗ ಎಂದು ಹುಡುಕುವವನಿಗೂ ಅದೇ ಲೇಖನ ಸಿಗುತ್ತದೆ. ಒಬ್ಬ ಒಳ್ಳೆಯ ಪ್ರೋಗ್ರಾಮರ್ ಒಂದೆರಡು ವಾರದಲ್ಲಿ ಬರೆಯಬಹುದಾದಷ್ಟು ಸಣ್ಣ ಕೆಲಸ ಇದು ಎಂದು ಪಾರ್ನಾಸ್ ತಾವೇ ಹೇಳಿದ್ದಾರೆ. ಸಣ್ಣದಾದ್ದರಿಂದಲೇ ಪಾಠಕ್ಕೆ ಹೇಳಿ ಮಾಡಿಸಿದಂತಿತ್ತು.

ಇದನ್ನು ಹಂಚಿಕೊಡಿ ಎಂದರೆ ಆಗಿನ ಯಾವ ಪ್ರೋಗ್ರಾಮರನಾದರೂ ಮೊದಲು ಫ್ಲೋಚಾರ್ಟ್ ಬರೆಯುತ್ತಿದ್ದ. ಸಾಲುಗಳನ್ನು ಓದುವುದು, ಸುತ್ತಿಸುವುದು, ಅಕಾರಾದಿ ಜೋಡಿಸುವುದು, ಮುದ್ರಿಸುವುದು. ಒಂದೊಂದು ಹೆಜ್ಜೆಗೆ ಪ್ರೋಗ್ರಾಮಿನ ಒಂದೊಂದು ಭಾಗ, ಅಂದರೆ ಮಾಡ್ಯೂಲ್, ಮೇಲೊಂದು ಯಜಮಾನ ಮಾಡ್ಯೂಲ್. ಇಂದಿಗೂ ಕೇಳಿ ನೋಡಿ, ಬಹುಪಾಲು ವಿದ್ಯಾರ್ಥಿಗಳು ಇದನ್ನೇ ಹೇಳುತ್ತಾರೆ. ನಾನೂ ಹೀಗೇ ಹೇಳುತ್ತಿದ್ದೆ.

ಪಾರ್ನಾಸ್ ಇದಕ್ಕೆ ಒಂದು ಪರೀಕ್ಷೆ ಒಡ್ಡಿದರು. ಈ ಪ್ರೋಗ್ರಾಂ ಮುಂದೆ ಎಲ್ಲೆಲ್ಲಿ ಬದಲಾಗಬಹುದು ಎಂದು ಯೋಚಿಸಿದರು. ಸಾಲುಗಳು ಬರುವ ರೂಪ ಬದಲಾಗಬಹುದು. ಸಾಲುಗಳು ಮೆಮೊರಿಯಲ್ಲಿ ಹಿಡಿಸದಷ್ಟು ಹೆಚ್ಚಾಗಬಹುದು. ಆ ಕಾಲದ ಯಂತ್ರಗಳಲ್ಲಿ ಜಾಗ ಉಳಿಸಲು ಮೆಮೊರಿಯ ಒಂದೊಂದು ಖಾನೆಯಲ್ಲಿ ನಾಲ್ಕು ನಾಲ್ಕು ಅಕ್ಷರ ತುಂಬುತ್ತಿದ್ದರು, ಸಣ್ಣ ಕೆಲಸವಾದರೆ ಆ ತೊಡಕೇ ಬೇಡ ಎನ್ನಿಸಬಹುದು. ಸುತ್ತಿಸಿದ ಸಾಲುಗಳನ್ನು ಪೂರ್ತಿ ಬರೆದಿಡುವ ಬದಲು ಎಲ್ಲಿಂದ ಶುರು ಎಂಬ ಗುರುತನ್ನು ಮಾತ್ರ ಇಟ್ಟುಕೊಳ್ಳಬಹುದು, ಅಥವಾ ಅದಕ್ಕೆ ತಿರುಗಾಮುರುಗಾ ಮಾಡಬಹುದು.

ಹೆಜ್ಜೆಗಳ ಪ್ರಕಾರ ಕತ್ತರಿಸಿದ ಪ್ರೋಗ್ರಾಮಿನಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದ ಯಾವ ಬದಲಾವಣೆಯೂ ಒಂದೇ ಕಡೆ ಮುಗಿಯುವುದಿಲ್ಲ. ನಾಲ್ಕು ಅಕ್ಷರದ ಖಾನೆ ಬೇಡ ಎಂದರೆ ಓದುವವನೂ ಸುತ್ತಿಸುವವನೂ ಜೋಡಿಸುವವನೂ ಮುದ್ರಿಸುವವನೂ ಎಲ್ಲರೂ ತಮ್ಮ ಕೋಡ್ ಬಿಚ್ಚಬೇಕು. ಯಾಕೆಂದರೆ ಅಕ್ಷರಗಳು ಎಲ್ಲಿ ಹೇಗೆ ಕೂತಿವೆ ಎಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನೇ ನಂಬಿ ಬರೆದಿದ್ದಾರೆ.

ಅವರ ಎರಡನೆಯ ಹಂಚಿಕೆಯಲ್ಲಿ ಒಂದು ಹೊಸ ಮಾಡ್ಯೂಲ್ ಬಂತು. ಅದು ಯಾವ ಹೆಜ್ಜೆಯೂ ಅಲ್ಲ, ಫ್ಲೋಚಾರ್ಟಿನಲ್ಲಿ ಅದಕ್ಕೊಂದು ಚೌಕವೂ ಇಲ್ಲ. ಸಾಲುಗಳನ್ನು ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಇಂಥ ಸಾಲಿನ ಇಂಥ ಪದದ ಇಂಥ ಅಕ್ಷರ ಕೊಡು ಎಂದು ಕೇಳಿದರೆ ಕೊಡುತ್ತದೆ. ಅದನ್ನು ಎಲ್ಲಿಂದ ತಂದಿತು, ಒಳಗೆ ಹೇಗೆ ತುಂಬಿಟ್ಟಿದೆ ಎಂದು ಯಾರಿಗೂ ಹೇಳುವುದಿಲ್ಲ. ಅದು ಅದರ ಗುಟ್ಟು. ಸುತ್ತಿಸುವ ಮಾಡ್ಯೂಲಿಗೂ ಒಂದು ಗುಟ್ಟು: ಸುತ್ತಿದ ಸಾಲುಗಳನ್ನು ಬರೆದಿಟ್ಟಿದ್ದೇನೋ, ಕೇಳಿದಾಗ ಲೆಕ್ಕ ಹಾಕಿ ಕೊಡುತ್ತಿದ್ದೇನೋ. ಜೋಡಿಸುವ ಮಾಡ್ಯೂಲಿನ ಗುಟ್ಟು, ಎಲ್ಲವನ್ನೂ ಒಮ್ಮೆಗೇ ಜೋಡಿಸಿದ್ದೇನೋ, ಕೇಳಿದಷ್ಟನ್ನು ಮಾತ್ರ ಹುಡುಕಿ ಕೊಡುತ್ತಿದ್ದೇನೋ. ಈಗ ನಾಲ್ಕು ಅಕ್ಷರದ ಖಾನೆ ಬೇಡವಾದರೆ ಒಂದೇ ಮಾಡ್ಯೂಲ್ ಬದಲಾಗುತ್ತದೆ. ಉಳಿದವರಿಗೆ ಸುದ್ದಿ ಕೂಡ ತಲುಪಬೇಕಿಲ್ಲ.

ಕಂಡುಹಿಡಿದದ್ದು ಇಷ್ಟೇ. ಕೆಲಸದ ಹೆಜ್ಜೆಗಳನ್ನು ನೋಡಿ ಕತ್ತರಿಸಬೇಡ. ಮುಂದೆ ಬದಲಾಗಬಹುದಾದ, ಕಷ್ಟದ ತೀರ್ಮಾನಗಳನ್ನು ಮೊದಲು ಪಟ್ಟಿ ಮಾಡು. ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನ ಹೊಟ್ಟೆಯಲ್ಲಿಟ್ಟು ಉಳಿದವರ ಕಣ್ಣಿಂದ ಮರೆಮಾಡು. ಪಾರ್ನಾಸ್ 1971ರಲ್ಲಿ ಯುಗೊಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿ ನಡೆದ ಐಎಫ್‌ಐಪಿ ಎಂಬ ಅಂತರರಾಷ್ಟ್ರೀಯ ಕಂಪ್ಯೂಟರ್ ಒಕ್ಕೂಟದ ಮಹಾಸಭೆಯಲ್ಲಿ ಇದರ ತಿರುಳನ್ನು ಹೇಳಿದರು. 1972ರ ಡಿಸೆಂಬರಿನಲ್ಲಿ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಸ್ಥೆಯ ಪತ್ರಿಕೆಯಲ್ಲಿ ಕ್ವಿಕ್ ಉದಾಹರಣೆಯ ಪ್ರಬಂಧ ಬಂತು, ಆರೇ ಪುಟ. 'ಇನ್ಫರ್ಮೇಶನ್ ಹೈಡಿಂಗ್' ಎಂದು ಲೋಕ ಇದನ್ನು ಕರೆಯಿತು. ಕನ್ನಡದಲ್ಲಿ 'ಮಾಹಿತಿ ಮರೆಮಾಚುವಿಕೆ' ಎಂದು ಬರೆಯುವವರಿದ್ದಾರೆ. ನನಗೆ ಗುಟ್ಟು ಎಂಬ ಪದವೇ ಹತ್ತಿರ. ಮರೆಮಾಚುವುದರಲ್ಲಿ ಕಳ್ಳತನದ ವಾಸನೆಯಿದೆ, ಗುಟ್ಟಿನಲ್ಲಿ ಅದನ್ನು ಕಾಪಾಡುವವನ ಹೊಣೆಯಿದೆ.

ಇದು ಬರೀ ಕಾಗದದ ಮೇಲಿನ ವಾದವಾಗಿರಲಿಲ್ಲ ಎಂಬುದೇ ಈ ಕತೆಯಲ್ಲಿ ನನಗೆ ಅತಿ ಇಷ್ಟದ ಭಾಗ. ಎರಡನೆಯ ಹಂಚಿಕೆಯನ್ನು ಮೊದಲು ಕಟ್ಟಿ ತೋರಿಸಿದವರು ವಿದ್ಯಾರ್ಥಿಗಳು. ಪಾರ್ನಾಸ್ ಒಂದೊಂದು ಮಾಡ್ಯೂಲ್ ಹೊರಗಿನವರಿಗೆ ಏನು ಕೊಡಬೇಕು ಎಂಬುದನ್ನು ಗಣಿತದಷ್ಟು ಕಟ್ಟುನಿಟ್ಟಾಗಿ ಬರೆದುಕೊಟ್ಟರು. ಒಳಗೆ ಹೇಗೆ ಮಾಡಬೇಕು ಎಂಬುದನ್ನು ಹೇಳಲಿಲ್ಲ. ಒಂದೇ ಮಾಡ್ಯೂಲನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಬರೆದರು. ಆಮೇಲೆ ಒಬ್ಬನ ಸಾಲು-ಸಂಗ್ರಹ, ಇನ್ನೊಬ್ಬನ ಸುತ್ತುವಿಕೆ, ಮತ್ತೊಬ್ಬನ ಜೋಡಣೆ ಎಂದು ಅದಲು ಬದಲು ಮಾಡಿ ಸೇರಿಸಿದರು. ಒಬ್ಬರ ಕೋಡನ್ನು ಒಬ್ಬರು ಓದದವರ ತುಂಡುಗಳು ಕೂಡಿ ಕೆಲಸ ಮಾಡಿದವು. ಈ ಪ್ರಯೋಗದ ವರದಿಯೂ 1972ರಲ್ಲೇ ಪ್ರಕಟವಾಯಿತು. ಮ್ಯಾನ್‌ಹ್ಯಾಟನ್ನಿನ 5 ಅಡಿ ಕಡತಕ್ಕೆ ಪಿಟ್ಸ್‌ಬರ್ಗಿನ ತರಗತಿ ಕೆಲವೇ ಪುಟಗಳ ವಿವರಣೆಯಿಂದ ಉತ್ತರ ಕೊಟ್ಟಿತ್ತು.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಅವರು ಮುಚ್ಚಿಡಲಿಲ್ಲ. ಒಂದೊಂದು ಅಕ್ಷರಕ್ಕೂ ಇನ್ನೊಂದು ಮಾಡ್ಯೂಲನ್ನು ಕೇಳುತ್ತ ಕೂತರೆ ಪ್ರೋಗ್ರಾಂ ನಿಧಾನವಾಗುತ್ತದೆ. ಅದಕ್ಕೆ ಅವರು ಸೂಚಿಸಿದ್ದು, ಬರೆಯುವಾಗ ಬೇರೆಬೇರೆಯಾಗಿಯೇ ಬರೆಯೋಣ, ಯಂತ್ರಕ್ಕೆ ಕೊಡುವ ಮುಂಚೆ ಆ ಕೋಡುಗಳನ್ನು ಒಂದರೊಳಗೊಂದು ಸೇರಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂ ಮಾಡಲಿ ಎಂದು. ಇಂದಿನ ಕಂಪೈಲರುಗಳು ಇದನ್ನು ದಿನನಿತ್ಯ ಮಾಡುತ್ತಿವೆ.

ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಪಾರ್ನಾಸ್ ಮುಂದೆ ನೆನಪಿಸಿಕೊಂಡಂತೆ, ಯಾರೂ ಹೀಗೆ ಮಾಡುವುದಿಲ್ಲ, ಹಾಗಾಗಿ ಬರೆದವನಿಗೆ ವಿಷಯ ತಿಳಿದಿಲ್ಲ ಎಂದು ಒಬ್ಬ ಪರಿಶೀಲಕರು ತಳ್ಳಿಹಾಕಿದ್ದರಂತೆ. ಯಾರೂ ಹೀಗೆ ಮಾಡುವುದಿಲ್ಲ ಎಂಬುದೇ ಅವರು ಹೇಳಹೊರಟದ್ದು! ಇದಕ್ಕಿಂತ ದೊಡ್ಡ ಆಕ್ಷೇಪ ಬಂದದ್ದು ಬ್ರೂಕ್ಸ್ ಅವರಿಂದ. 1975ರ ಪುಸ್ತಕದಲ್ಲಿ ಅವರು ಪಾರ್ನಾಸ್ ಹೆಸರೆತ್ತಿ ಚರ್ಚಿಸಿದರು: ಇಂಟರ್‌ಫೇಸುಗಳು (ಮಾಡ್ಯೂಲುಗಳು ಹೊರಗಿನವರಿಗೆ ಏನು ಕೊಡುತ್ತವೆ ಎಂಬ ವಿವರಣೆಗಳು) ತಪ್ಪಿಲ್ಲದೆ, ಪೂರ್ಣವಾಗಿ ಬರೆದಿದ್ದರೆ ಸರಿ, ಆದರೆ ಅಂಥ ಪೂರ್ಣತೆಯನ್ನೇ ನೆಚ್ಚಿಕೊಂಡರೆ ಅನಾಹುತ ಎಂದು. ಸಾವಿರ ಜನರ ಕೆಲಸ ನಡೆಸಿ ಕೈಸುಟ್ಟುಕೊಂಡವರ ಮಾತು, ಹಗುರಾಗಿ ತಳ್ಳುವಂಥದ್ದಲ್ಲ.

ಮುಂದೆ ಪಾರ್ನಾಸ್ ಕೂಡ ಚಾಪೆಲ್ ಹಿಲ್‌ಗೆ ಪ್ರಾಧ್ಯಾಪಕರಾಗಿ ಹೋದರು, ಬ್ರೂಕ್ಸ್ ಅವರಿದ್ದ ವಿಭಾಗಕ್ಕೇ. ತರಗತಿಯಲ್ಲಿ ನಡೆದದ್ದು ನಿಜವಾದ ಸಿಸ್ಟಮಿನಲ್ಲೂ ನಡೆಯುತ್ತದೆಯೇ ಎಂದು ನೋಡಲು 1970ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾದಳದ ಸಂಶೋಧನಾಲಯದೊಡನೆ ಸೇರಿ ಎ-7 ಎಂಬ ಯುದ್ಧವಿಮಾನದ ಸಾಫ್ಟ್‌ವೇರನ್ನು ಮತ್ತೆ ಮೊದಲಿನಿಂದ ವಿನ್ಯಾಸ ಮಾಡಹೊರಟರು. ಆ ಯೋಜನೆಯಲ್ಲಿ ಹುಟ್ಟಿದ ದಾಖಲೆಗಳಲ್ಲಿ 'ಮಾಡ್ಯೂಲ್ ಗೈಡ್' ಎಂಬುದೊಂದಿದೆ. ಅದರಲ್ಲಿ ಪ್ರತಿ ಮಾಡ್ಯೂಲಿನ ಹೆಸರಿನ ಜೊತೆ ಅದರ ಗುಟ್ಟೇನು ಎಂದೇ ಬರೆದಿದೆ. ಯಂತ್ರಭಾಗಗಳ ವಿವರ ಒಂದು ಗುಂಪಿನ ಗುಟ್ಟು, ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳಬೇಕು ಎಂಬುದು ಇನ್ನೊಂದರದು, ಪ್ರೋಗ್ರಾಮರುಗಳೇ ಮಾಡಿಕೊಂಡ ತೀರ್ಮಾನಗಳು ಮೂರನೆಯದರದು. ಹೊಸದಾಗಿ ಸೇರಿದವನು ಯಾವ ಬದಲಾವಣೆಗೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಅದರಿಂದ ತಿಳಿಯಬಹುದಿತ್ತು.

1995ರಲ್ಲಿ ಬ್ರೂಕ್ಸ್ ಅವರ ಪುಸ್ತಕಕ್ಕೆ 20 ವರ್ಷವಾಯಿತು. ಹೊಸ ಮುದ್ರಣಕ್ಕೆ ಅವರು ಹೆಚ್ಚುವರಿ ಅಧ್ಯಾಯಗಳನ್ನು ಬರೆದರು. ಈ ವಿಷಯದಲ್ಲಿ ಪಾರ್ನಾಸ್ ಹೇಳಿದ್ದು ಸರಿ, ತಾನು ಹೇಳಿದ್ದು ತಪ್ಪು ಎಂದು ಸುತ್ತುಬಳಸಿಲ್ಲದೆ ಅಲ್ಲಿ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಬಾರ್ಬರಾ ಲಿಸ್ಕೊವ್ ಎಂಐಟಿಯಲ್ಲಿ ರೂಪಿಸಿದ ಸಿಎಲ್‌ಯು ಭಾಷೆಯಿಂದ ಹಿಡಿದು ಸಿ++ವರೆಗೆ ಹಲವು ಭಾಷೆಗಳು ಗುಟ್ಟು ಕಾಯುವುದನ್ನು ವ್ಯಾಕರಣದ ಭಾಗವಾಗಿಯೇ ಮಾಡಿಕೊಂಡಿದ್ದವು. ಇಪ್ಪತ್ತು ವರ್ಷ ಲಕ್ಷಾಂತರ ಜನ ಓದಿದ ಪುಸ್ತಕದಲ್ಲಿ ತನ್ನ ತಪ್ಪನ್ನು ತಾನೇ ತಿದ್ದಿ ಅಚ್ಚು ಹಾಕಿಸುವುದಕ್ಕೆ ದೊಡ್ಡ ಮನಸ್ಸು ಬೇಕು. ಆ ಪುಟ ಓದಿದಾಗಲೆಲ್ಲ ನನಗೆ ಬ್ರೂಕ್ಸ್ ಮೇಲಿನ ಗೌರವ ಹೆಚ್ಚುತ್ತದೆ.

ನಾನು ಎಂಜಿನಿಯರಿಂಗ್ ಓದುವಾಗ ಈ ಕತೆ ಯಾರೂ ಹೇಳಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂದರೆ ಥಿಯರಿ ಪೇಪರ್, ವಾಟರ್‌ಫಾಲ್ ಚಿತ್ರ ಬರೆದು ಹಂತಗಳ ಹೆಸರು ಬಾಯಿಪಾಠ ಒಪ್ಪಿಸಿದರೆ ಅಂಕ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾಲ್ವರು ಸೇರಿ ಅಂಕಪಟ್ಟಿಯ ಪ್ರೋಗ್ರಾಂ ಮಾಡಿದೆವು. ಒಬ್ಬ ತೆರೆ, ಒಬ್ಬ ಡೇಟಾಬೇಸ್, ಒಬ್ಬ ಲೆಕ್ಕ, ನಾನು ವರದಿ: ಹೆಜ್ಜೆಗಳ ಪ್ರಕಾರ ಕತ್ತರಿಸಿದ್ದೆವು, ಥೇಟ್ ಫ್ಲೋಚಾರ್ಟು. ನೋಂದಣಿ ಸಂಖ್ಯೆ ಎಂದರೆ ಬರೀ ಅಂಕಿ ಎಂದು ನಾಲ್ವರೂ ನಂಬಿದ್ದೆವು. ತೋರಿಸುವ ವಾರದಲ್ಲಿ ಅದರೊಳಗೆ ಅಕ್ಷರವೂ ಇರುತ್ತದೆ ಎಂದು ತಿಳಿಯಿತು. ಮೂರು ರಾತ್ರಿ ನಾಲ್ವರ ಕೋಡನ್ನೂ ಸಾಲು ಸಾಲಾಗಿ ತಿದ್ದಿದೆವು. ಪಾರ್ನಾಸ್ ಅವರ ಆರು ಪುಟವನ್ನು ನಾನು ಓದಿದ್ದು ಕೆಲಸಕ್ಕೆ ಸೇರಿ ಹಲವು ವರ್ಷವಾದ ಮೇಲೆ, ಮತ್ತು ಓದುತ್ತಿದ್ದಾಗ ಕಣ್ಣ ಮುಂದೆ ಬಂದದ್ದು ಆ ಮೂರು ರಾತ್ರಿಗಳು.

ಅಂಥ ಕಷ್ಟವನ್ನು ಬೇಕೆಂದೇ ಪಾಠವಾಗಿಸಿದವರೂ ಇದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಹಾರ್ನಿಂಗ್ ಮತ್ತು ವರ್ಟ್‌ಮನ್ 1970ರ ದಶಕದಲ್ಲಿ 'ಸಾಫ್ಟ್‌ವೇರ್ ಹಟ್' ಎಂಬ ಆಟ ಹೂಡಿದರು. ವಿದ್ಯಾರ್ಥಿ ತಂಡಗಳು ಮಾಡ್ಯೂಲ್ ಬರೆದು ಒಬ್ಬರಿಗೊಬ್ಬರು ಮಾರಬೇಕು, ಕೊಂಡದ್ದನ್ನು ತಿದ್ದಿ ಮುಂದುವರಿಸಬೇಕು. ಪರರ ಕೋಡನ್ನು ಕೊಂಡು ತಿದ್ದಬೇಕಾದವನಿಗೆ ಯಾವುದು ಚೆನ್ನಾಗಿ ಕತ್ತರಿಸಿದ್ದು, ಯಾವುದು ಅಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಚಾಪೆಲ್ ಹಿಲ್‌ನಲ್ಲಿ ಬ್ರೂಕ್ಸ್ ಅವರೂ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪ್ರಯೋಗಶಾಲೆಯನ್ನು 20ಕ್ಕೂ ಹೆಚ್ಚು ಸಲ ನಡೆಸಿದರು. ನಾಲ್ಕೇ ಜನರ ತಂಡವಾದರೂ ನಿರ್ವಾಹಕ ಬೇರೆ, ವಿನ್ಯಾಸದ ಹೊಣೆಗಾರ ಬೇರೆ ಇರಲೇಬೇಕು ಎಂದು ಹಟ ಹಿಡಿಯುತ್ತಿದ್ದರು.

ಬಿಡುವಾದಾಗ ನಾನು ಕೆಲವು ಕಾಲೇಜು ಹುಡುಗ ಹುಡುಗಿಯರಿಗೆ ಕ್ವಿಕ್ ಅಭ್ಯಾಸವನ್ನೇ ಕೊಡುತ್ತೇನೆ. ಮೊದಲು ಇಂಗ್ಲಿಷ್ ಸಾಲುಗಳು. ಎರಡು ವಾರ ಬಿಟ್ಟು, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ, ಕನ್ನಡ ಸಾಲುಗಳನ್ನು ಕೊಡುತ್ತೇನೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದು ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. 'ಕ್ಷ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂದು ಮೂರು, ಒಟ್ಟು ಒಂಬತ್ತು ಬೈಟ್. ಅಕ್ಷರ ಎಂದರೆ ಬೈಟ್ ಎಂದು ಎಲ್ಲ ಕಡೆಯೂ ನಂಬಿ ಬರೆದ ತಂಡಗಳ ತೆರೆಯ ಮೇಲೆ ಚೌಕಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ತುಂಬಿಕೊಳ್ಳುತ್ತವೆ. ಸಾಲು-ಸಂಗ್ರಹಕ್ಕೆ ಗುಟ್ಟು ಕಾಯಲು ಬಿಟ್ಟ ತಂಡ ಒಂದು ಫೈಲನ್ನು ತಿದ್ದಿ ಮುಗಿಸುತ್ತದೆ.

ಅದಾದ ಮೇಲೆ ಹಳಗನ್ನಡದ ಕೆಲವು ಸಾಲು, ೞಕಾರ ಇರುವಂಥವು. ಯೂನಿಕೋಡಿನಲ್ಲಿ ೞ ತನ್ನ ಸೋದರರ ಪಕ್ಕದಲ್ಲಿಲ್ಲ, ಸ್ವರಚಿಹ್ನೆಗಳನ್ನೂ ದಾಟಿ ದೂರ ಕೂತಿದೆ. ಅದಕ್ಕೆ ಬಿದ್ದ ಅಧಿಕೃತ ಹೆಸರೂ ತಪ್ಪು: 'ಕನ್ನಡ ಲೆಟರ್ ಎಫ್‌ಎ'. ಒಮ್ಮೆ ಹೊರಗೆ ಬಿಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ನಿಯಮ, ಯಾಕೆಂದರೆ ಆ ಹೆಸರನ್ನು ನಂಬಿ ಯಾರು ಎಲ್ಲಿ ಏನು ಬರೆದಿದ್ದಾರೋ ಬಲ್ಲವರಿಲ್ಲ. ಹಾಗಾಗಿ ಹೆಸರು ಹಾಗೆಯೇ ಇದೆ, ಪಕ್ಕದಲ್ಲೊಂದು ತಿದ್ದುಪಡಿ ಹೆಸರು ಸೇರಿದೆ. ಚಿಹ್ನೆಗಳ ಸಂಖ್ಯೆಯನ್ನೇ ನೆಚ್ಚಿ ಅಕಾರಾದಿ ಜೋಡಿಸಿದವರ ಸೂಚಿಯಲ್ಲಿ ೞಕಾರದ ಪದಗಳು ತಮ್ಮ ಜಾಗ ತಪ್ಪಿ ಕೆಳಗೆ ಹೋಗಿ ಬೀಳುತ್ತವೆ. ಕಳೆದ ಸಲ ಜೋಡಿಸುವ ಮಾಡ್ಯೂಲ್ ಬರೆದಿದ್ದ ಹುಡುಗಿ ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದಳು. ಆಮೇಲೆ ಜೊತೆಯ ಮೂವರಿಗೆ, ನೀವು ಊಟಕ್ಕೆ ಹೋಗಿ, ಇದು ನನ್ನ ಫೈಲಿನದ್ದು ಎಂದಳು.